ಅವ್ರು ಬಂದ್ರು

ಮಹಾಲಕ್ಷ್ಮಮ್ಮನಿಗೆ ಇದ್ದ ಕಷ್ಟ ಊರಿನ ಇನ್ಯಾವ ಹೆಂಗಸಿಗೂ ಇರಲಿಲ್ಲ. ಲೊಕ್ಕನಹಳ್ಳಿಯಿಂದ ಆಚೆ, ಕಾಡಿಗೆ ಬೆನ್ನು ಕೊಟ್ಟು ಕೂತಿರುವ ಹುಣಸೆದೊಡ್ಡಿಯಲ್ಲಿ ಆನೆಯನ್ನು ಆನೆ ಅನ್ನುವ ಹಾಗಿಲ್ಲ. ಹೆಸರು ಹಿಡಿದರೆ 'ಕರೆದೆಯಲ್ಲ, ಏನು ಸಮಾಚಾರ' ಎಂದು ಹೊಲಕ್ಕೇ ಬಂದುಬಿಡುತ್ತದೆ ಅಂತ ಹಿರಿಯರ ನಂಬಿಕೆ. ಅದಕ್ಕೆ ಎಲ್ಲರೂ 'ಸ್ವಾಮಿ' ಅನ್ನುತ್ತಾರೆ. ಸ್ವಾಮಿ ಬಂದು ಜೋಳ ತಿಂದರು, ಸ್ವಾಮಿ ಬೋರಿನ ಪೈಪು ಮುರಿದರು, ಹೀಗೆ. ಊರಿಗೆಲ್ಲ ಇದು ಸಲೀಸು. ಆದರೆ ಮಹಾಲಕ್ಷ್ಮಮ್ಮನ ಗಂಡನ ಹೆಸರು ಜಡೇಸ್ವಾಮಿ, ಜನರ ಬಾಯಲ್ಲಿ ಬರೀ ಸ್ವಾಮಿ. ಗಂಡನ ಹೆಸರು ಹೆಂಡತಿಯ ಬಾಯಲ್ಲಿ ಬರಬಾರದು. ಆನೆ ಅನ್ನುವಂತಿಲ್ಲ, ಸ್ವಾಮಿ ಅನ್ನುವಂತಿಲ್ಲ. ಅತ್ತ ದರಿ, ಇತ್ತ ಪುಲಿ. ಆಯಮ್ಮ ಏನು ಮಾಡಬೇಕು, ನೀವೇ ಹೇಳಿ?

ಆಕೆ ಒಂದು ದಾರಿ ಕಂಡುಕೊಂಡಿದ್ದಳು. ಆನೆ ಬಂದರೂ ಗಂಡ ಬಂದರೂ ಒಂದೇ ಕೂಗು: "ಅವ್ರು ಬಂದ್ರು!"

ಶುರುವಿನಲ್ಲಿ ಇದರಿಂದ ಆದ ಅನಾಹುತ ಒಂದೆರಡಲ್ಲ. ಅವ್ರು ಬಂದ್ರು ಎಂದು ಕೇಳಿ ಅಪ್ಪ ದೊಡ್ಡಮಾದಪ್ಪ ತಗಡಿನ ಡಬ್ಬ ಬಡಿಯುತ್ತ ಹೊರಗೆ ಓಡುತ್ತಿದ್ದರು; ಎದುರಿಗೆ ಅಳಿಯ ಚಪ್ಪಲಿ ಬಿಡುತ್ತ ನಿಂತಿರುತ್ತಿದ್ದ. ಇನ್ನೊಂದು ದಿನ ಅವ್ವ ಅಳಿಯ ಬಂದನೆಂದು ಹಿಟ್ಟಿಗೆ ನೀರಿಟ್ಟು ಮುದ್ದೆ ಕೋಲು ಹುಡುಕುತ್ತಿದ್ದರೆ ಹಿತ್ತಲಲ್ಲಿ ಬಾಳೆಗಿಡ ಲಟಲಟ ಮುರಿಯುತ್ತಿತ್ತು. ಕೊನೆಗೆ ಮನೆಯವರೇ ಒಂದು ಗುರುತು ಕಂಡುಕೊಂಡರು. ಕೂಗುವಾಗ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದರೆ ಆನೆ. ತಲೆ ಮೇಲೆ ಎಳೆದುಕೊಂಡರೆ ಗಂಡ. ಸೆರಗು ನೋಡಿಯೇ ಮನೆಯವರು ಡಬ್ಬಕ್ಕೋ ಮುದ್ದೆ ಕೋಲಿಗೋ ಕೈ ಹಾಕುತ್ತಿದ್ದರು.

ಮೊಮ್ಮಗಳು ದೀಪಳಿಗೆ ಈ ಕಥೆಗಳೆಲ್ಲ ಬಾಯಿಪಾಠ. ಜನಗಣತಿಗೆ ಬಂದ ಮೇಷ್ಟರು ಗಂಡನ ಹೆಸರು ಕೇಳಿದಾಗ ಅಜ್ಜಿ, "ಕಾಡ್ನಲ್ಲಿರ್ತಾರಲ್ಲ ಸಾ ದೊಡ್ಡೋರು, ಅವ್ರ ಎಸ್ರೇಯ" ಅಂದಿದ್ದಳಂತೆ. ಮೇಷ್ಟರು ತಲೆ ಕೆರೆದುಕೊಂಡು "ಹುಲಿಯಪ್ಪಾನಾ?" ಎಂದರೆ, "ಅಯ್ಯೋ, ಅಷ್ಟು ಚಿಕ್ಕೋರಲ್ಲ ಬುಡಿ ಸಾ" ಎಂದು ಮುಖ ಊದಿಸಿಕೊಂಡಳಂತೆ. ಈ ಕಥೆ ಹೇಳಿದಾಗಲೆಲ್ಲ ತಾತ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

ಆ ತಾತ ಹೋಗಿ ಇವತ್ತಿಗೆ ವರ್ಷ. ಒಳಗೆ ವರ್ಷದ ಎಡೆಗೆ ಹುರುಳಿ ಬಸ್ಸಾರು ಕುದಿಯುತ್ತಿತ್ತು, ಕಜ್ಜಾಯ ಬೇಯುತ್ತಿತ್ತು. ಹೊರಗೆ ಹುಣಸೆಮರದ ಕೆಳಗೆ ತಾತನ ಜೀಪಿನ ಸುತ್ತ ಹನೂರಿನ ಗುಜರಿಯವನು ಒಂದು ಸುತ್ತು ಹಾಕಿ, ಮಡ್‌ಗಾರ್ಡ್‌ಗೆ ಬೆರಳಲ್ಲಿ ಟಣ್ ಎಂದು ತಟ್ಟಿದ. ಜಗಲಿಯಲ್ಲಿ ಕೂತಿದ್ದ ದೀಪಳಿಗೆ ಆ ಏಟು ತನ್ನ ಬೆನ್ನಿಗೇ ಬಿದ್ದಂತಾಯಿತು.

"ಅಪ್ಪಾ, ಇವತ್ತೇ ಬೇಕಿತ್ತಾ ಇದು? ತಾತನ್ಗೆ ಎಡೆ ಇಡೋ ದಿನ?"

ಅವಳಪ್ಪ ಶಾಂತರಾಜು ಹೆಸರಿಗೆ ತಕ್ಕ ಮನುಷ್ಯ, ಪಂಚಾಯಿತಿಯಲ್ಲಿ ಬಿಲ್ ಕಲೆಕ್ಟರು, ಯಾರ ಮೇಲೂ ದನಿ ಎತ್ತಿದವನಲ್ಲ. "ತುಕ್ಕು ಇಡೀತಾ ಅದೆ ಕಣಮ್ಮಿ. ಯಾರು ಓಡ್ಸೋರು? ನೀನು ಕೊಳ್ಳೇಗಾಲದ ಆಸ್ಪತ್ರೇಲಿ ನರ್ಸು, ನಂಗೆ ಗೇರ್ ಆಕಕ್ಕೇ ಬರಕ್ಕಿಲ್ಲ. ಈಗ ನೂರಾಎಂಟು ಅದೆಯಲ್ಲ, ಪೋನ್ ಮಾಡುದ್ರೆ ಬತ್ತದೆ" ಎಂದ.

ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಅದಕ್ಕೇ ದೀಪಳಿಗೆ ಇನ್ನಷ್ಟು ಸಿಟ್ಟು ಬಂತು. ಅಜ್ಜಿಯ ಕಡೆ ನೋಡಿದಳು. ಅಜ್ಜಿ ಜೀಪಿಗೆ ಬೆನ್ನು ಹಾಕಿ ಕೂತು ಹುರುಳಿ ಕೇರುತ್ತಿದ್ದಳು, ಮೊರದಿಂದ ತಲೆ ಎತ್ತಲಿಲ್ಲ.

ಈ ಜೀಪು ಯಾಕೆ ಬಂತು, ಜಡೇಸ್ವಾಮಿ ಯಾಕೆ ಬಂದ, ಅದನ್ನು ಮೊದಲು ಹೇಳಿಬಿಡಬೇಕು.

ಜಡೇಸ್ವಾಮಿ ಕಾಡಿನವನಲ್ಲ. ಯಳಂದೂರಿನ ಕಡೆಯ ಬಯಲಿನವನು, ಸುವರ್ಣಾವತಿಯಲ್ಲಿ ಈಜು ಕಲಿತವನು, ಕಾಲುವೆ ನೀರು, ಭತ್ತದ ಗದ್ದೆ, ಕಬ್ಬು ಕಂಡು ಬೆಳೆದವನು. ಹುಣಸೆದೊಡ್ಡಿಗೆ ಹೆಣ್ಣು ನೋಡಲು ಬಂದಾಗ ಹೆಗಲ ಮೇಲೆ ಕಬ್ಬಿನ ಜಲ್ಲೆಯ ಕಂತೆ, ಕೈಯಲ್ಲಿ ಬಾಳೆಹಣ್ಣಿನ ಗೊನೆ, ಸೊಂಟಕ್ಕೆ ಹೊಸ ಪಂಚೆ. ಮುಂದೆ ಮುಂದೆ ನಡೆಯುತ್ತಿದ್ದವನು ಸಂಬಂಧ ತಂದ ಚಿಕ್ಕಸಿದ್ದಯ್ಯ. ಅವನೂ ಬಯಲಿನವನೇ, ಊರಿನ ಕಟ್ಟುಪಾಡು ಅವನಿಗೇನು ಗೊತ್ತು? ಜೋಳದ ಹೊಲದ ಅಂಚಿನಲ್ಲಿ ನಿಂತು, ಗಂಡಿನ ಕಡೆಯವರ ಗತ್ತಿನಲ್ಲಿ ಗಂಟಲು ಹರಿಯುವಂತೆ ಕೂಗಿದ.

"ಸ್ವಾಮಿ ಬಂದ್ರು! ಸ್ವಾಮಿ ಬಂದ್ರು ಕಣ್ರಪ್ಪೋ, ಎಲ್ಲ ಒರಕ್ಕೆ ಬನ್ನಿ!"

ಎಲ್ಲ ಹೊರಕ್ಕೆ ಬಂದರು. ಎಂಥಾ ಬರುವುದು! ಹೆಣ್ಣಿನ ಅಪ್ಪ ದೊಡ್ಡಮಾದಪ್ಪ "ಅಗಲೊತ್ತ್ನಲ್ಲೇ ಬಂದವ್ರಲ್ಲಪ್ಪೋ" ಎಂದು ಡಬ್ಬ ಬಡಿಯುತ್ತ ಬಂದರೆ, ನೆಂಟರೆಲ್ಲ ಉರಿಯುವ ಸೌದೆ ಹಿಡಿದು, ಪಟಾಕಿ ಹಿಡಿದು ಹಿಂದೆ ಓಡಿಬಂದರು. ಹೆಣ್ಣು ಅಲಂಕಾರ ಮಾಡಿಕೊಂಡಿದ್ದವಳು ಹಾಗೇ ಮರದ ಮೇಲಿನ ಅಟ್ಟಣೆಗೆ ಹತ್ತಿಬಿಟ್ಟಳು. ಜೋಳದ ತೆನೆಗಳ ನಡುವೆ ಕಬ್ಬಿನ ಸೋಗೆ ಅಲ್ಲಾಡಿದ್ದು ಕಂಡಿತು. ಯಾವನೋ ಪಟಾಕಿ ಸರ ಎಸೆದೇಬಿಟ್ಟ. ಚಿಕ್ಕಸಿದ್ದಯ್ಯ ಬೇಲಿ ಹಾರಿ ಓಡಿದವನು ಲೊಕ್ಕನಹಳ್ಳಿ ಸೇರುವವರೆಗೆ ಹಿಂದೆ ತಿರುಗಲಿಲ್ಲವಂತೆ. ಜಡೇಸ್ವಾಮಿ ಮಾತ್ರ ಓಡಲಿಲ್ಲ. ಕಾಡಿನ ಕಡೆಯ ಜನ ಅಳಿಯನನ್ನು ಬರಮಾಡಿಕೊಳ್ಳುವ ರೀತಿಯೇ ಇದು ಅಂದುಕೊಂಡು, ಬೆದರಿ ಬೆವತು, ಆದರೂ ಮರ್ಯಾದೆಯಿಂದ ನಗುತ್ತ ನಿಂತಿದ್ದ.

ಮೊದಲು ಅವನನ್ನು ಕಂಡದ್ದು ಅಟ್ಟಣೆಯ ಮೇಲಿದ್ದ ಮಹಾಲಕ್ಷ್ಮಿ. "ಅಪ್ಪೋ! ತಡೀರಿ! ಈ ಸ್ವಾಮಿಗೆ ಯಾರೋ ಪಂಚೆ ಉಡ್ಸವ್ರೆ ಕಣಪ್ಪೋ!" ಎಂದು ಕೂಗಿದಳು.

ಅದಾದ ಮೇಲೆ ಆ ಹೆಸರು ಎಷ್ಟೋ ವರ್ಷ ಅವಳ ಬಾಯಲ್ಲಿ ಬರಲಿಲ್ಲ. ಜಡೇಸ್ವಾಮಿ ತಲೆ ಎತ್ತಿ, ಮರದ ಮೇಲೆ ಕೂತು ನಗು ತಡೆಯಲಾರದೆ ಅಲ್ಲಾಡುತ್ತಿದ್ದ ಹುಡುಗಿಯನ್ನು ಕಂಡು, ಮದುವೆ ಆದರೆ ಇವಳನ್ನೇ ಎಂದು ಅಲ್ಲೇ ನಿಶ್ಚಯ ಮಾಡಿಕೊಂಡ. ದೊಡ್ಡಮಾದಪ್ಪನಿಗೆ ಗಂಡುಮಕ್ಕಳಿರಲಿಲ್ಲವಾಗಿ ಮನೆಅಳಿಯನಾಗಿ ಅಲ್ಲೇ ಉಳಿದ.

ಮುಂದಿನ ಕಥೆಯನ್ನು ತಾತ ನಗುತ್ತ ಹೇಳುತ್ತಿರಲಿಲ್ಲ. ದೀಪ ನರ್ಸಿಂಗ್ ಓದಲು ಹೊರಟ ದಿನ ಒಂದೇ ಒಂದು ಸಲ ಹೇಳಿದ್ದರು.

ಮದುವೆಯಾಗಿ ಎರಡನೆಯ ವರ್ಷ ಮಹಾಲಕ್ಷ್ಮಿಗೆ ಹೆರಿಗೆ ನೋವು ಬಂತು. ಸೂಲಗಿತ್ತಿ ಮುಟ್ಟಿ ನೋಡಿ, ನನ್ನ ಕೈಯಲ್ಲಾಗದು, ಆಸ್ಪತ್ರೆಗೆ ಸಾಗಿಸಿ ಅಂದಳು. ಗಾಡಿ ಕಟ್ಟಿದರು. ಊರು ಬಿಟ್ಟು ಅರಳಿಮರದ ಏರು ಹತ್ತಿದರೆ, ಆಚೆ ಇಳಿಜಾರಿನಲ್ಲಿ ಹಿಂಡು ನಿಂತಿತ್ತು, ನಡುವೆ ಒಂದು ಮರಿ. ಜೊತೆಗೆ ಬಂದವರು ಡಬ್ಬ ಬಡಿದರು, ಕೂಗಿದರು, ಬೆಂಕಿ ಎಸೆದರು. ಮರಿಯ ತಾಯಿ ಸಿಟ್ಟಿಗೆದ್ದು ದಾರಿಗೆ ಅಡ್ಡ ನಿಂತಿತು. ಇವರು ಬಡಿದಷ್ಟೂ ಅದು ನಿಂತಿತು. ಹೊತ್ತು ನೆತ್ತಿಗೆ ಬಂದು ಇಳಿಯಿತು. ಗಾಡಿ ಹಳ್ಳ ಮುಟ್ಟುವ ಹೊತ್ತಿಗೆ ಕೂಸು ಹುಟ್ಟಿತು, ಅಳಲಿಲ್ಲ. ಹೆಣ್ಣು ಕೂಸು. ಹಳ್ಳದ ದಡದ ಹೊಂಗೆಮರದ ಕೆಳಗೇ ಮಣ್ಣು ಮಾಡಿದರು.

ಆನೆಗಳನ್ನು ಶಪಿಸುತ್ತಿದ್ದ ದೊಡ್ಡಮಾದಪ್ಪನಿಗೆ ಅಳಿಯ ಅಂದ ಮಾತು ಇಷ್ಟೇ: "ಮಾವ, ಅವ್ಳೂ ತಾಯಿ. ನಾವು ಅವ್ಳ ಕೂಸಿನ ಮ್ಯಾಲೆ ಬೆಂಕಿ ಎಸುದ್ರೆ ಎಂಗೆ ದಾರಿ ಬುಟ್ಟಾಳು?" ಆಮೇಲೆ ಹೊಂಗೆಮರದ ಕೆಳಗಿನ ಹಸಿಮಣ್ಣು ಮುಟ್ಟಿ, "ಈ ದಾರೀಲಿ ಇನ್ಯಾರ ಕೂಸೂ ಓಗ್ಬಾರ್ದು" ಅಂದ.

ಅಂದವನು ಸುಮ್ಮನೆ ಕೂರಲಿಲ್ಲ. ಕೊಳ್ಳೇಗಾಲಕ್ಕೆ ಹೋಗಿ ರೇಷ್ಮೆಗೂಡು ಸಾಗಿಸುವ ಲಾರಿಯಲ್ಲಿ ಕ್ಲೀನರ್ ಆದ, ಬೈಸಿಕೊಂಡು ಬೈಸಿಕೊಂಡು ಡ್ರೈವರ್ ಆದ. ವರ್ಷಗಳ ಮೇಲೆ ಒಂದು ಮಧ್ಯಾಹ್ನ, ಯಾರೋ ಓಡಿಸಿ ಬಿಟ್ಟಿದ್ದ ಹಳೇ ಜೀಪು ಹತ್ತಿಕೊಂಡು ಧೂಳೆಬ್ಬಿಸುತ್ತ ಊರಿಗೆ ಬಂದ. ಅಷ್ಟರಲ್ಲಿ ಶಾಂತರಾಜು ಹುಟ್ಟಿದ್ದ. ಮಹಾಲಕ್ಷ್ಮಿ ಕೂಸನ್ನು ಕಂಕುಳಲ್ಲಿಟ್ಟುಕೊಂಡು ಸೆರಗನ್ನು ತಲೆ ಮೇಲೆ ಎಳೆದುಕೊಂಡು "ಅವ್ರು ಬಂದ್ರು" ಎಂದು ಕೂಗಿದ್ದು ನಾಲ್ಕು ಹೊಲದಾಚೆಗೂ ಕೇಳಿಸಿತಂತೆ.

ಹುಣಸೆದೊಡ್ಡಿಯಿಂದ ಲೊಕ್ಕನಹಳ್ಳಿ, ಒಡೆಯರಪಾಳ್ಯ, ಹನೂರು. ಇದು ಸ್ವಾಮಿ ಜೀಪಿನ ದಾರಿ. ಒಳಗೆ ಎಷ್ಟು ಜನ ಎಂದು ಕೇಳಬಾರದು, ಹೊರಗೆ ಎಷ್ಟು ಜನ ನೇತಾಡುತ್ತಿದ್ದಾರೆ ಎಂದು ಕೇಳಬೇಕು. ಜೋಳದ ಮೂಟೆ, ಮೇಕೆ, ಶಾಗ್ಯದ ನೆಂಟರು, ಒಡೆಯರಪಾಳ್ಯದ ಕ್ಯಾಂಪಿನ ಕೆಂಪು ಬಟ್ಟೆಯ ಟಿಬೆಟಿನ ಸನ್ಯಾಸಿಗಳು, ಎಲ್ಲರೂ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂರುತ್ತಿದ್ದರು. ಶಿವರಾತ್ರಿ ಹತ್ತಿರ ಬಂದರೆ ಮಾತ್ರ ಜಡೇಸ್ವಾಮಿ ಜೀಪನ್ನು ಮರದ ಕೆಳಗೆ ನಿಲ್ಲಿಸಿ, ಊರಿನವರನ್ನು ಕಟ್ಟಿಕೊಂಡು ನಡೆದೇ ಮಾದಪ್ಪನ ಬೆಟ್ಟಕ್ಕೆ ಹೋಗುತ್ತಿದ್ದ. ಬಿಸಿಲು, ಮುಳ್ಳು, ಏರು ಯಾವುದನ್ನೂ ಲೆಕ್ಕಿಸದೆ 'ಉಘೇ' ಎಂದು ಕೂಗುತ್ತ ಎಲ್ಲರಿಗಿಂತ ಮುಂದೆ ಇರುತ್ತಿದ್ದ. ಆ ಹೆಗಲ ಮೇಲೆ ಕೂತು ಬೆಟ್ಟದ ಸಾಲುಗಳನ್ನು ಮೊದಲ ಸಲ ನೋಡಿದ್ದು ದೀಪಳಿಗೆ ಈಗಲೂ ನೆನಪಿದೆ. ತಾತನ ಕೂದಲನ್ನು ಕಡಿವಾಣದ ಹಾಗೆ ಹಿಡಿದುಕೊಂಡಿದ್ದಳು.

ಹೆರಿಗೆಗೆ, ಹಾವು ಕಚ್ಚಿದವರಿಗೆ ಜೀಪು ಪುಕ್ಕಟೆ. ಉಣ್ಣುತ್ತಿದ್ದರೂ ಎದ್ದು ಹೊರಡುವುದು. "ಊರ್ಗೆ ಉಪ್ಕಾರಿ, ಮನೆಗೆ ಮಾರಿ" ಎಂದು ಮಹಾಲಕ್ಷ್ಮಮ್ಮ ಬೈಯುವುದು. ಬೈಯುತ್ತಲೇ ಒಗೆದು ಮಡಿಸಿಟ್ಟ ಹಳೇ ಸೀರೆ, ಬಿಸಿನೀರಿನ ಫ್ಲಾಸ್ಕು ತಂದು ಜೀಪಿನಲ್ಲಿ ಇಡುವುದು. ಬಸುರಿಯನ್ನು ಆಸ್ಪತ್ರೆಗೆ ಬಿಟ್ಟು ಬಂದ ಮೇಲೂ ಆತ ಕೈ ತೊಳೆದು ತಟ್ಟೆ ಮುಂದೆ ಕೂರುತ್ತಿರಲಿಲ್ಲ. ತಾಯಿ ಮಗು ಚೆನ್ನಾಗಿದ್ದಾರೆ ಎಂಬ ಸುದ್ದಿ ಬರುವವರೆಗೆ ಒಂದು ತುತ್ತೂ ಇಲ್ಲ. ಫೋನಿಲ್ಲದ ಕಾಲದಲ್ಲಿ ಸುದ್ದಿ ಬರುವುದು ಮಾರನೆಯ ದಿನವೂ ಆಗಬಹುದಿತ್ತು. ಆಗ ಮಹಾಲಕ್ಷ್ಮಮ್ಮನೂ ಉಣ್ಣುತ್ತಿರಲಿಲ್ಲ, ಬೈಯುವುದನ್ನೂ ಬಿಡುತ್ತಿರಲಿಲ್ಲ.

ದಾರಿಯಲ್ಲಿ ಆನೆ ಅಡ್ಡ ನಿಂತರೆ ಜಡೇಸ್ವಾಮಿ ಹಾರ್ನ್ ಒತ್ತುತ್ತಿರಲಿಲ್ಲ. ದೂರದಲ್ಲೇ ನಿಲ್ಲಿಸಿ ಇಂಜಿನ್ ಆಫ್. ಇಳಿದು ಜೀಪಿನ ಪಕ್ಕದಲ್ಲಿ ನಿಂತು, ತಲೆಯ ಟವೆಲ್ ತೆಗೆದು ಕೈ ಮುಗಿದು, "ದಾರಿ ಬುಡು ಸ್ವಾಮಿ, ಬಸ್ರಿ ಎಂಗ್ಸು ಕುಂತವ್ಳೆ" ಅನ್ನುವುದು. ಆಮೇಲೆ ಕಾಯುವುದು. ಹಿಂದೆ ಕೂತವರು "ಸ್ವಾಮಿ ಸ್ವಾಮಿಗೇ ಸಲಾಂ ಒಡೀತಾವ್ನೆ" ಎಂದು ಪಿಸುಗುಟ್ಟಿ ನಗುವುದು. ಆನೆ ತನ್ನ ಪಾಡಿಗೆ ತಾನು ಸರಿದುಹೋಗುತ್ತಿತ್ತು. ಅಷ್ಟು ವರ್ಷದಲ್ಲಿ ಹನೂರಿನ ಆ ಸೀಮೆಯಲ್ಲಿ ಒಂದು ಮಾತೇ ಹುಟ್ಟಿಕೊಂಡಿತು: ಸ್ವಾಮಿ ಜೀಪಲ್ಲಿ ಹೋದ ಹೆಂಗಸು ಬರಿಗೈಲಿ ಬಂದಿದ್ದಿಲ್ಲ.

ದೀಪಳಿಗೆ ಜೀಪು ಕಲಿಸಿದ್ದೂ ಅವರೇ, ಬತ್ತಿದ ಕೆರೆಯ ಅಂಗಳದಲ್ಲಿ. "ಎಲ್ಲೇ ನಿಲ್ಸು, ಇಳ್ಜಾರ್ನಲ್ಲಿ ಮೂತಿ ಕೆಳಕ್ಕೆ ಮಾಡಿ ನಿಲ್ಸು ಕಣಮ್ಮಿ. ಬ್ಯಾಟ್ರಿ ಕೈ ಕೊಟ್ರೂ ಭೂಮ್ತಾಯಿ ತಳ್ತಾಳೆ" ಎಂದು ನೂರು ಸಲ ಹೇಳಿ ಅವಳ ತಲೆ ತಿಂದಿದ್ದರು.

ಇಂಥ ಜೀಪನ್ನು ಗುಜರಿಯವನು ಟಣ್ ಎಂದು ತಟ್ಟಿದರೆ ಸಿಟ್ಟು ಬಾರದೆ ಇನ್ನೇನು ಬರುತ್ತದೆ?

ಅಪ್ಪ ಮಗಳ ಮಾತು ಅಲ್ಲಿಗೆ ನಿಂತಿತ್ತು. ಅಷ್ಟರಲ್ಲಿ ಓಣಿಯ ಕೊನೆಯ ಮನೆಯ ಪುಟ್ಟಮಾದಪ್ಪ ಎದ್ದೆನೋ ಬಿದ್ದೆನೋ ಎಂದು ಓಡಿಬಂದ. ಅವನ ಸೊಸೆ ಕುಸುಮಳಿಗೆ ದಿನ ತುಂಬಲು ಇನ್ನೂ ಇತ್ತು, ಬೆಳಗಿನಿಂದ ನೋವು ಶುರುವಾಗಿತ್ತು. "ನೂರಾಎಂಟು ಬಂದದೆ ಕಣವ್ವ ದೀಪಾ, ಆದ್ರೆ ಅಳ್ಳದ ಆಚ್ಗೇ ನಿಂತದೆ! ಮ್ಯಾಲೆ ಮಳೆ ಉಯ್ದು ಸೇತ್ವೆ ಮ್ಯಾಲೆ ನೀರು ಬತ್ತಾ ಅದೆ. ಆ ಗಾಡಿ ಇಳಿಯಕ್ಕಿಲ್ವಂತೆ!"

ದೀಪ ಓಡಿಹೋಗಿ ಕುಸುಮಳ ಹೊಟ್ಟೆ ಮುಟ್ಟಿ ನೋಡಿದಳು. ಕೂಸಿನ ತಲೆ ಮೇಲಿತ್ತು, ಕಾಲು ಕೆಳಗೆ. ಇದು ಮನೆಯಲ್ಲಿ ಆಗುವ ಹೆರಿಗೆಯಲ್ಲ. ಆಪರೇಷನ್ ಬೇಕು, ಕೊಳ್ಳೇಗಾಲ ಸೇರಬೇಕು, ಅದೂ ಬೇಗ. ನೀರು ದಾಟುವಷ್ಟು ಎತ್ತರದ ಗಾಡಿ ಊರಿನಲ್ಲಿ ಇದ್ದದ್ದು ಒಂದೇ.

ಅವಳು ವಾಪಸು ಓಡಿಬಂದಾಗ ಗುಜರಿಯವನು ಇನ್ನೂ ಅಲ್ಲೇ ಇದ್ದ. "ಅಣ್ಣಾ, ತಳ್ಳು!" ಎಂದಳು. ಬ್ಯಾಟರಿ ಯಾವತ್ತೋ ಸತ್ತು ಸ್ವರ್ಗ ಸೇರಿತ್ತು. ರಜೆಗೆ ಬಂದಾಗಲೆಲ್ಲ ದೀಪ ತಳ್ಳಿಸಿಯೇ ಜೀಪನ್ನು ಬೇಲಿಯವರೆಗೆ ಓಡಿಸಿ ತರುತ್ತಿದ್ದಳು. ಶಾಂತರಾಜು ಪಂಚೆ ಎತ್ತಿ ಕಟ್ಟಿದ, ನೆರೆಯವರು ಬಂದರು, ಎಲ್ಲರಿಗಿಂತ ಜೋರಾಗಿ ತಳ್ಳಿದವನು ಮುರಿದು ಹಾಕಲು ಬಂದಿದ್ದ ಆ ಗುಜರಿಯವನೇ. ಎರಡನೆಯ ತಳ್ಳಿಗೆ ಜೀಪು ಕೆಮ್ಮಿ, ಕಪ್ಪು ಹೊಗೆ ಉಗುಳಿ ಎದ್ದುಕೊಂಡಿತು. ಕುಸುಮಳನ್ನು ಹಿಂದೆ ಮಲಗಿಸಿ ಪುಟ್ಟಮಾದಪ್ಪ ಪಕ್ಕದಲ್ಲಿ ಕೂತ. ನೋಡುವಷ್ಟರಲ್ಲಿ ಅಜ್ಜಿ ಹಳೇ ಸೀರೆ, ಫ್ಲಾಸ್ಕು ಹಿಡಿದು ಮುಂದಿನ ಸೀಟು ಹತ್ತಿ ಕೂತಿದ್ದಳು.

"ನೀನ್ಯಾಕಜ್ಜಿ?"

"ಓಡ್ಸಮ್ಮಿ. ಈ ದಾರೀಲಿ ಒಂದು ಕೂಸು ಓಗಿದ್ದು ಸಾಕು."

ಅರಳಿಮರದ ಏರನ್ನು ಜೀಪು ಮುಲುಗುತ್ತ ಹತ್ತಿತು. ನೆತ್ತಿ ದಾಟಿ ಮೂತಿ ಕೆಳಗೆ ತಿರುಗುತ್ತಿದ್ದಂತೆ ದೀಪ ಎರಡೂ ಕಾಲಿನಲ್ಲಿ ಕ್ಲಚ್ಚು, ಬ್ರೇಕು ತುಳಿದಳು. ಇಳಿಜಾರಿನ ನಡುಮಧ್ಯೆ ಒಂಟಿ ಸಲಗ ನಿಂತಿತ್ತು. ಮೈಯೆಲ್ಲ ಕೆಂಪುಮಣ್ಣು, ದಂತ ಎರಡೂ ರಸ್ತೆಯ ಕಡೆಗೆ. ಆಚೆ ಕೆಳಗೆ ಹಳ್ಳ, ಹಳ್ಳದ ಆಚೆ ಆಂಬುಲೆನ್ಸಿನ ನೀಲಿ ದೀಪ ಕೂಡ ಕಾಣುತ್ತಿತ್ತು. ಕೈಗೆ ಬಂದ ತುತ್ತು ಬಾಯಿಗೆ ಬರದ ಹಾಗೆ.

ಇಂಜಿನ್ ಗುಡುಗುಡು ಅನ್ನುತ್ತಲೇ ಇತ್ತು. ಸಲಗ ಕಿವಿ ಅಗಲಿಸಿತು. ಒಂದು ಹೆಜ್ಜೆ ಮುಂದಿಟ್ಟಿತು.

"ಆಪ್ ಮಾಡಮ್ಮಿ," ಅಜ್ಜಿ ಮೆಲ್ಲಗೆ ಅಂದಳು.

"ಆಫ್ ಮಾಡಿದ್ರೆ ಮತ್ತೆ ಸ್ಟಾರ್ಟ್ ಆಗಲ್ಲ ಅಜ್ಜಿ! ಇಲ್ಲಿ ತಳ್ಳೋರು ಯಾರು?" ಎಂದಳು ದೀಪ. ಹಿಂದೆ ಕುಸುಮ ಹಲ್ಲು ಕಚ್ಚಿಕೊಂಡು ನರಳಿದಳು.

"ನಿನ್ನ ತಾತ ಯಾವತ್ತಾದ್ರೂ ಸದ್ದು ಮಾಡ್ಕಂಡು ಅವ್ರ ಮುಂದೆ ನಿಂತಿದ್ರಾ? ನಮ್ಮಪ್ಪ ಸದ್ದು ಮಾಡ್ದ. ಏನಾಯ್ತು ಅಂತ ಗೊತ್ತು ತಾನೇ ನಿಂಗೆ? ಆಪ್ ಮಾಡು."

ದೀಪ ಮಾದಪ್ಪನನ್ನು ನೆನೆದು ಇಂಜಿನ್ ನಿಲ್ಲಿಸಿದಳು. ಇದ್ದಕ್ಕಿದ್ದಂತೆ ಕಾಡಿನ ಸದ್ದೆಲ್ಲ ಕಿವಿಗೆ ಬಂತು. ಕೈ ಮುಗಿದು "ದಾರಿ ಬುಡು ಸ್ವಾಮಿ" ಅಂದಳು. ಸಲಗ ಅಲುಗಲಿಲ್ಲ. ಇನ್ನೊಮ್ಮೆ ಅಂದಳು. ಊಹೂಂ.

ಆಗ ಅಜ್ಜಿ ಜೀಪಿನಿಂದ ಇಳಿದಳು. ದೀಪ ತಡೆಯಲು ಕೈ ಚಾಚುವಷ್ಟರಲ್ಲಿ ಬಾನೆಟ್ ಪಕ್ಕಕ್ಕೆ ಹೋಗಿ ನಿಂತಿದ್ದಳು, ತಾತ ನಿಲ್ಲುತ್ತಿದ್ದ ಜಾಗದಲ್ಲಿ. ಅಭ್ಯಾಸಬಲದಿಂದ ಅವಳ ಕೈ ಸೆರಗು ಹಿಡಿದು ಸೊಂಟದ ಕಡೆ ಹೋಯಿತು. ಅಲ್ಲೇ ತಡೆಯಿತು. ಅಜ್ಜಿ ಸೆರಗು ಬಿಡಿಸಿ, ಮೆಲ್ಲಗೆ ತಲೆಯ ಮೇಲೆ ಎಳೆದುಕೊಂಡಳು.

ತಲೆ ಮೇಲೆ ಸೆರಗು ಬಂದರೆ ಯಾರೆಂದು ದೀಪಳಿಗೆ ಗೊತ್ತಿತ್ತು.

"ಸ್ವಾಮೀ," ಎಂದಳು ಅಜ್ಜಿ. ಐವತ್ತು ವರ್ಷ ಬಾಯಲ್ಲಿ ಕಟ್ಟಿಟ್ಟಿದ್ದ ಹೆಸರು. ದನಿ ಮೊದಲು ಒಡೆಯಿತು, ಆಮೇಲೆ ಗಟ್ಟಿಯಾಯಿತು. "ಸ್ವಾಮೀ, ದಾರಿ ಬುಡು. ನಿನ್ನ ಮೊಮ್ಮಗ್ಳೇ ಜೀಪು ಓಡುಸ್ಕಂಡು ಬಂದವ್ಳೆ, ನೋಡು. ನಮ್ಮ ಕೂಸು ಓಯ್ತು, ನಾನು ನುಂಗ್ಕಂಡೆ. ಈ ಕೂಸು ಉಳ್ಕಳ್ಳಿ. ದಾರಿ ಬುಡಪ್ಪ."

ಸಲಗ ಸೊಂಡಿಲು ಎತ್ತಿ ಗಾಳಿಯನ್ನು ಮೂಸಿತು. ಕಿವಿ ಮಡಿಚಿತು. ಏನೋ ಯೋಚಿಸುವ ಹಾಗೆ ಒಂದು ಕಾಲು ಎತ್ತಿ ಇಳಿಸಿತು. ಆಮೇಲೆ ಯಾವ ಅವಸರವೂ ಇಲ್ಲದೆ ಪಕ್ಕಕ್ಕೆ ತಿರುಗಿ ಲಂಟಾನದ ಪೊದೆಯೊಳಗೆ ಇಳಿದುಹೋಯಿತು. ಅದಕ್ಕೆ ಬಾಯಾರಿತ್ತು, ನೀರಿನ ಕಡೆ ಹೋಯಿತು ಎಂದು ಹೇಳುವ ಬುದ್ಧಿವಂತರಿದ್ದಾರೆ. ಹೇಳಿಕೊಳ್ಳಲಿ. ಆ ಬುದ್ಧಿವಂತರು ಅವತ್ತು ಜೀಪಿನಲ್ಲಿ ಕೂತಿರಲಿಲ್ಲ.

ಅಜ್ಜಿ ಬಂದು ಕೂತಳು. ದೀಪ ಕೀಲಿ ತಿರುಗಿಸಿದಳು. ಕಟಕ್ ಎಂದಿತು, ಅಷ್ಟೇ. ಮತ್ತೆ ಕಟಕ್. ಕಣ್ಣಿಗೆ ನೀರು ಬಂತು. ಆ ನೀರಿನಲ್ಲೇ ಮುಂದಿನ ರಸ್ತೆ ಕಂಡಿತು, ಕೆಳಕ್ಕೆ ಇಳಿಯುತ್ತಿದ್ದ ರಸ್ತೆ. ನೆತ್ತಿ ದಾಟಿ, ಮೂತಿ ಕೆಳಗೆ ಮಾಡಿಯೇ ನಿಲ್ಲಿಸಿದ್ದಳು. ತಿಳಿದು ಮಾಡಿದ್ದಲ್ಲ, ತಾತ ನೂರು ಸಲ ತಲೆ ತಿಂದದ್ದು ಕಾಲಿಗೆ ಇಳಿದಿತ್ತು.

"ಬುಡು ಬ್ರೇಕು!" ಹಿಂದಿನಿಂದ ಪುಟ್ಟಮಾದಪ್ಪ ಅರಚಿದ.

ಬ್ರೇಕು ಬಿಟ್ಟಳು. ಜೀಪು ಉರುಳಿತು, ವೇಗ ಹಿಡಿಯಿತು, ಎರಡನೇ ಗೇರಿಗೆ ಹಾಕಿ ಕ್ಲಚ್ಚಿನಿಂದ ಕಾಲು ತೆಗೆದಳು. ಒಂದು ಸಲ ಜಗ್ಗಿ ಇಂಜಿನ್ ಭರ್ರೆಂದು ಹತ್ತಿಕೊಂಡಿತು. ದೀಪ "ಉಘೇ!" ಎಂದು ಕಿರುಚಿದ್ದು ಅವಳಿಗೇ ಗೊತ್ತಾಗಲಿಲ್ಲ. ಅದೇ ರಭಸದಲ್ಲಿ ಸೇತುವೆಯ ಮೇಲಿನ ನೀರನ್ನು ಸೀಳಿ ಆಚೆ ದಡಕ್ಕೆ ಹತ್ತಿ, ಆಂಬುಲೆನ್ಸಿನ ಬಾಗಿಲಿಗೆ ತಾಗುವಂತೆ ನಿಲ್ಲಿಸಿದಳು. ಕುಸುಮಳನ್ನು ಒಳಗೆ ಸಾಗಿಸಿದರು, ಪುಟ್ಟಮಾದಪ್ಪನೂ ಹತ್ತಿದ. ಕೂಸಿನ ಕಾಲು ಕೆಳಗಿದೆ ಎಂದು ದೀಪ ಸಿಬ್ಬಂದಿಗೂ ಹೇಳಿದಳು, ಕೊಳ್ಳೇಗಾಲಕ್ಕೂ ಫೋನ್ ಮಾಡಿ ಹೇಳಿದಳು. ಗಾಡಿ ಹೊರಟಿತು.

ಅಜ್ಜಿ ಹೊಂಗೆಮರದ ಕೆಳಗೆ ಒಂದು ಗಳಿಗೆ ನಿಂತು, ಬಗ್ಗಿ ನೆಲ ಮುಟ್ಟಿ ಬಂದಳು.

ಇಂಜಿನ್ ಆರಿಸದೆಯೇ ವಾಪಸು ಬರುವಾಗ ದೀಪಳಿಗೆ ತಡೆಯಲಾಗಲಿಲ್ಲ. "ಅಜ್ಜಿ, ಕೊನೆಗೂ ತಾತನ ಹೆಸ್ರು ಹೇಳ್ಬಿಟ್ಟೆ!"

"ನಾನೆಲ್ಲಿ ಯೋಳ್ದೆ?" ಅಜ್ಜಿ ಸಿಡುಕಿದಳು. "ನಾನು ಯೋಳಿದ್ದು ಆನೆಗೆ."

"ಅಯ್ಯಯ್ಯೋ! ಈಗ ಆನೆ ಅಂದೆಯಲ್ಲಜ್ಜಿ!"

ಅಜ್ಜಿ ನಾಲಿಗೆ ಕಚ್ಚಿಕೊಂಡು ಕಾಡಿನ ಕಡೆ ನೋಡಿ ಕೆನ್ನೆ ಕೆನ್ನೆ ಬಡಿದುಕೊಂಡಳು. ಆಮೇಲೆ ಇಬ್ಬರೂ ನಗಲು ಶುರುಮಾಡಿದವರು ಊರ ಬಾಗಿಲು ಬರುವವರೆಗೂ ನಿಲ್ಲಿಸಲಿಲ್ಲ. ಅಜ್ಜಿಯ ಕಣ್ಣಲ್ಲಿ ನೀರೂ ಬರುತ್ತಿತ್ತು, ಒರೆಸಿಕೊಳ್ಳಲಿಲ್ಲ.

ಊರೆಲ್ಲ ಹುಣಸೆಮರದ ಕೆಳಗೆ ಸೇರಿತ್ತು. ಎಲೆ ಹಾಕಿಯಾಗಿತ್ತು, ಬಸ್ಸಾರು ಆರುತ್ತಿತ್ತು. ಎಡೆ ಇಟ್ಟುಬಿಡೋಣವೇ ಎಂದು ಶಾಂತರಾಜು ಕೇಳಿದರೆ ಅಜ್ಜಿ ತಲೆ ಆಡಿಸಿದಳು. "ಸುದ್ದಿ ಬರ್ನಿಲ್ಲ. ಸುದ್ದಿ ಬರ್ದೆ ಅವ್ರು ಯಾವತ್ತು ಉಂಡವ್ರೆ?" ಎಂದು ಜೀಪಿನ ಮೆಟ್ಟಿಲ ಮೇಲೆ ಕೂತಳು. ಯಾರೂ ಒಳಗೆ ಹೋಗಲಿಲ್ಲ. ಗುಜರಿಯವನೂ ಹೋಗಲಿಲ್ಲ. ಜೀಪಿನ ಮಾತು ಎತ್ತಲೂ ಇಲ್ಲ, ತನ್ನ ಟವೆಲ್‌ನಿಂದ ಮಡ್‌ಗಾರ್ಡಿನ ಕೆಸರು ಒರೆಸುತ್ತಿದ್ದ.

ದೀಪಳ ಫೋನು ಕೂಗಿದಾಗ ಬೆಟ್ಟದ ಮೇಲೆ ಬಿಸಿಲು ಕೆಂಪಗಾಗಿತ್ತು. ಅತ್ತ ಪುಟ್ಟಮಾದಪ್ಪ, ಅಳುತ್ತಿದ್ದಾನೋ ನಗುತ್ತಿದ್ದಾನೋ ತಿಳಿಯದು. "ಎಣ್ಣು ಕೂಸು ಕಣವ್ವಾ! ಏನ್ ಅಳು, ಏನ್ ಅಳು! ಆಸ್ಪತ್ರೆ ಕಿತ್ತೋಗಂಗೆ ಅಳ್ತಾ ಅದೆ!"

ದೀಪ ಸ್ಪೀಕರ್ ಜೋರು ಮಾಡಿ ಹಿಡಿದಳು. ಎಲ್ಲರಿಗೂ ಕೇಳಿಸಿತು. ಎಳೆಯ ಗಂಟಲಿನ ಆ ಅಳು ಕೇಳಿ ಊರು ಹೋ ಎಂದಿತು. ಶಾಂತರಾಜು, ಜನ್ಮದಲ್ಲಿ ದನಿ ಎತ್ತದ ಮನುಷ್ಯ, ಮಗಳ ಬೆನ್ನು ತಟ್ಟಿ, "ಬ್ಯಾಟ್ರಿ ಆಕುಸ್ಬೇಕು ಕಣಮ್ಮಿ ಇದ್ಕೆ! ನಂಗೂ ಗೇರು ಕಲ್ಸು!" ಎಂದು ಎಲ್ಲರಿಗೂ ಕೇಳುವಂತೆ ಕೂಗಿದ.

ಮಹಾಲಕ್ಷ್ಮಮ್ಮ ಮೆಟ್ಟಿಲಿನಿಂದ ಎದ್ದಳು. ಇನ್ನೂ ಬೆಚ್ಚಗಿದ್ದ ಬಾನೆಟ್ಟಿನ ಮೇಲೆ ಒಮ್ಮೆ ಕೈ ಇಟ್ಟಳು. ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಮನೆಯ ಕಡೆ ತಿರುಗಿ, ನಾಲ್ಕು ಹೊಲದಾಚೆಗೂ ಕೇಳುವ ಅದೇ ಹಳೇ ದನಿಯಲ್ಲಿ ಕೂಗಿದಳು.

"ಅವ್ರು ಬಂದ್ರು! ಮುದ್ದೆಗೆ ನೀರು ಮಡ್ಗಿ!"

ಒಳಗೆ ಪಾತ್ರೆ ಒಲೆಗೇರಿದ ಸದ್ದು ಕೇಳಿಸಿತು. ಯಾರು ಬಂದರು ಎಂದು ಯಾರೂ ಕೇಳಲಿಲ್ಲ.